ಗೌರಿಗೆ ಹುರುಳಿ ಬೇಯಿಸಿದ ಈರಮ್ಮತ್ತೆ

ಊಟಕ್ಕೆ ಕೂತವರು ಎಲೆಗೆ ಕೈ ಅಡ್ಡ ಹಿಡಿದರೆ ನಮ್ಮ ಈರಮ್ಮತ್ತೆ ಆ ಕೈಯ ಮೇಲೇ ಬಡಿಸುತ್ತಿದ್ದಳು. ಬಿಸಿ ಸಾರು ಬಿದ್ದ ಅನುಭವ ನನ್ನ ಕೈಗೂ ಚೆನ್ನಾಗಿ ಇದೆ. “ಸಾಕು ಅನ್ನಾಕ ನೀ ಯಾರು? ಬಡಿಸಾಕಿ ನಾನದೀನಿ” ಎಂದು ಗದರಿಸುವುದು ಬೇರೆ. ರಾಯದುರ್ಗದಲ್ಲಿ ಅವಳದು ಬೂಸಾ, ಹಿಂಡಿ ಮಾರುವ ಅಂಗಡಿ. ಯಾರ ಎಮ್ಮೆ ಹಾಲು ಕಡಿಮೆ ಮಾಡಿದರೂ, ಯಾರ ಎತ್ತು ಸೊರಗಿದರೂ ಇವಳನ್ನೇ ಕೇಳುತ್ತಿದ್ದರು. ಕೇಳದವರಿಗೂ ಹೇಳುತ್ತಿದ್ದಳು.

ಅವಳು ನನ್ನ ಅಪ್ಪನ ತಂಗಿ. ಮಾವ ಮದುವೆ ಮೆರವಣಿಗೆಗೆ ಕೊಡುತ್ತಿದ್ದ ಬಿಳಿ ಹೆಣ್ಣುಕುದುರೆಯನ್ನು ಅವರು ತೀರಿಹೋದ ಮೇಲೂ ಅತ್ತೆ ಮಾರಲಿಲ್ಲ. ಅದರ ಹೆಸರು ಗೌರಿ. ಬೆಟ್ಟದ ಬುಡದ ಖಾಲಿ ಜಾಗದಲ್ಲಿ, ಬೇವಿನ ಮರದ ಕೆಳಗೆ ಬಯಲಲ್ಲೇ ಅದರ ವಾಸ. ಆಗೊಮ್ಮೆ ಈಗೊಮ್ಮೆ ಮದುಮಗನನ್ನು ಹೊರುವುದು ಬಿಟ್ಟರೆ ಬೇರೆ ದುಡಿಮೆ ಇರಲಿಲ್ಲ. ಮದುವೆಗಳಿಲ್ಲದ ಧನುರ್ಮಾಸದಲ್ಲಿ ಅದೂ ಇಲ್ಲ.

ಒಂದು ವರ್ಷ ಧನುರ್ಮಾಸದಲ್ಲಿ ಚಳಿ ಜೋರಾಯಿತು. “ಪಾಪ, ಬಯಲಾಗ ನಿಂತೈತಿ. ಹುರುಳಿ ಉಷ್ಣ, ಮೈ ಬೆಚ್ಚಗಿರ್ತೈತಿ” ಎಂದು ಅತ್ತೆ ಬೆಳಿಗ್ಗೆ, ಸಂಜೆ ಹುರುಳಿ ಬೇಯಿಸಿ, ಬೆಲ್ಲ ಕಲಸಿ ಬಕೆಟ್ ತುಂಬ ಇಟ್ಟಳು. ಮಡಕಶಿರಾದ ನಮ್ಮ ಮನೆಯಿಂದ ನಾನು ಅಲ್ಲಿಗೆ ಹೋದಾಗ ಗೌರಿಯ ಹೊಟ್ಟೆ ಗುಡಾಣದಂತಾಗಿತ್ತು. ಓಣಿಯವರೆಲ್ಲ ಹೊಗಳಿದರು, ನಾನೂ ಹೊಗಳಿದೆ. ಅತ್ತೆ ಹಿರಿಹಿರಿ ಹಿಗ್ಗಿದಳು.

ನಾನು ಇನ್ನೂ ಅಲ್ಲಿದ್ದಾಗಲೇ ಗೌರಿ ಮುಂಗಾಲು ಊರಲಾರದೆ ನಿಂತುಬಿಟ್ಟಿತು. ಕೇಳಿದವರಿಗೆಲ್ಲ ಅತ್ತೆ “ಮುಳ್ಳು ತುಳಿದೈತ್ರಿ” ಎಂದಳು. ದನದ ಡಾಕ್ಟರು ಬಂದು ಗೊರಸು ಮುಟ್ಟಿ ನೋಡಿದರು. ಕಾದಿತ್ತು.

“ಏನು ತಿನ್ನಿಸಿದ್ರಿ ಅಮ್ಮಾ?”

“ಬರೇ ಹುಲ್ರಿ.”

ಬಕೆಟ್ಟಿನ ತಳದಲ್ಲಿ ಹುರುಳಿ ಅಂಟಿತ್ತು. ಡಾಕ್ಟರು ಅದನ್ನು ನೋಡಿದರು. ಸುತ್ತ ನಿಂತಿದ್ದ ಅವಳ ಗಿರಾಕಿಗಳೂ ನೋಡಿದರು. ಅಷ್ಟು ಜನರೆದುರು ಅವಳ ಸುಳ್ಳು ಸಿಕ್ಕಿಬಿದ್ದದ್ದಕ್ಕೆ ನನಗೇ ತಲೆ ಎತ್ತಲಾಗಲಿಲ್ಲ.

ಅತ್ತೆ ಸೆರಗನ್ನು ಬಾಯಿಗೆ ಒತ್ತಿಕೊಂಡು ನಿಂತವಳು, ಕಡೆಗೆ “ಸುಳ್ಳು ಹೇಳಿದೆರಿ. ಕಾಳು, ಬೆಲ್ಲ ನಾನೇ ಇಟ್ಟೆ” ಎಂದಳು.

“ಕೆಲಸ ಇಲ್ಲದ ಕುದುರಿಗೆ ಕಾಳು ಯಾಕಮ್ಮಾ? ಕಾಳು, ಬೆಲ್ಲ ಹೆಚ್ಚಾದ್ರ ಗೊರಸಿನೊಳಗ ಬಾವು ಬರ್ತೈತಿ, ಕಾಲು ಊರಾಕ ಆಗಂಗಿಲ್ಲ. ಚಳಿಗೆ ಒಣಹುಲ್ಲೇ ಸಾಕು, ಅದು ಅರಗೋದ್ರಾಗೇ ಮೈ ಬೆಚ್ಚಗಾಗ್ತೈತಿ. ಇನ್ಮ್ಯಾಲೆ ಕಾಳು ಮುಟ್ಟಿಸಬ್ಯಾಡ್ರಿ. ಇನ್ನೊಮ್ಮೆ ಹಿಂಗಾದ್ರ ಉಳಿಯಂಗಿಲ್ಲ.”

ಗೌರಿ ಉಳಿಯಿತು. ಕುಂಟೂ ಉಳಿಯಿತು. ಅತ್ತೆ ಮತ್ತೆ ಯಾರಿಗೂ ಮೇವಿನ ಬುದ್ಧಿ ಹೇಳಲಿಲ್ಲ. ಯಾರಾದರೂ ಕೇಳಿದರೆ, “ನನ್ನ ಕೇಳಬ್ಯಾಡ್ರಿ. ನನ್ನ ಕುದುರೀನ ನಾನೇ ಕುಂಟು ಮಾಡೀನಿ” ಎಂದು ಹೇಳಿ ಬೂಸಾ ತೂಗುತ್ತಿದ್ದಳು.

ಅವಳು ತೀರಿಕೊಳ್ಳುವ ಮುಂಚಿನ ಚಳಿಗಾಲದಲ್ಲಿ ಕೊನೆಯ ಸಲ ನೋಡಿದೆ. ಅಂಗಡಿಯಲ್ಲಿರಲಿಲ್ಲ. ಬೆಟ್ಟದ ಬುಡಕ್ಕೆ ಹೋದರೆ, ಪಕ್ಕದ ಮನೆಯಾಕೆ ಗೌರಿಗೆ ಒಣಹುಲ್ಲು ಹಾಕುತ್ತಿದ್ದಳು. ಅತ್ತೆ ಮೋಟುಗೋಡೆಯ ಹಿಂದೆ ಕುಕ್ಕರುಗಾಲಲ್ಲಿ ಕೂತು ಕಲ್ಲಿನ ಸಂದಿಯಿಂದ ನೋಡುತ್ತಿದ್ದಳು.

“ಇಲ್ಯಾಕೆ ಕುಂತಿದ್ದೀಯ ಅತ್ತೆ?”

“ಮೆಲ್ಲಕ ಮಾತಾಡವ್ವ. ನನ್ನ ಮಾರಿ ಕಂಡ್ರ ಹುಲ್ಲು ಬಿಟ್ಟು ಕುಂಟಿಕೊಂತ ಬರ್ತೈತಿ.”

ನಾನೂ ಅವಳ ಪಕ್ಕ ಕೂತೆ. ಅವಳು ಸಂದಿಯಿಂದ ಕಣ್ಣು ತೆಗೆಯದೆ ಹೇಳಿದಳು:

“ಕಾಲು ಕೆಡಿಸಿದಾಕಿ ನಾನೇ ಅಂತ ಅದಕ್ಕ ಗೊತ್ತಿಲ್ಲ. ಇನ್ನೂ ನನ್ನ ನಂಬೈತಿ.”