ಆಚಾರ್ ಸರ್ ಜೇಬಿನ ಕೋಬಾಲ್ಟ್ ಹೂವು

ಆಚಾರ್ ಸರ್ ಅವರ ಅಂಗಿಯ ಜೇಬಿನಲ್ಲಿ ಪೆನ್ನಿನ ಪಕ್ಕ ಸದಾ ಒಂದು ಕಾಗದದ ಹೂವು ಇರುತ್ತಿತ್ತು. ಕೋಬಾಲ್ಟ್ ಕ್ಲೋರೈಡ್ ದ್ರಾವಣದಲ್ಲಿ ಅದ್ದಿ ಒಣಗಿಸಿದ ಹೂವು. ಒಣ ಗಾಳಿಗೆ ನೀಲಿ, ತೇವಕ್ಕೆ ಗುಲಾಬಿ. ಚಿತ್ತಾಪುರದ ಬಿಸಿಲಿನಲ್ಲಿ ಅದು ವರ್ಷದ ಬಹುಭಾಗ ನೀಲಿಯಾಗಿಯೇ ಇರುತ್ತಿದ್ದುದರಿಂದ, ಮಳೆ ಬರುವುದಿಲ್ಲ ಎಂಬ ಅವರ ಭವಿಷ್ಯ ಸುಳ್ಳಾಗುತ್ತಿದ್ದುದು ಕಡಿಮೆ.

ಕಾಲೇಜಿನಲ್ಲಿ ಅವರು ರಸಾಯನಶಾಸ್ತ್ರ ಕಲಿಸುತ್ತಿದ್ದರು, ನಾನು ಇತಿಹಾಸ. ಜಗತ್ತನ್ನು ಅವರು ಕೋಬಾಲ್ಟ್ ಇರುವುದು, ಇಲ್ಲದ್ದು ಎಂದು ಎರಡು ಪಾಲು ಮಾಡಿದ್ದರು. ಮದುವೆಗೆ ಹೋದರೆ ನೀಲಿ ಬಳೆಗಳ ಬಣ್ಣದ ಮೂಲ ವಿವರಿಸುವರು. ನಿಶ್ಶಕ್ತಿಗೆ ಬಿ-ಹನ್ನೆರಡು ವಿಟಮಿನ್ನಿನ ಸೂಜಿ ಮಾಡಿಸಿಕೊಂಡು ಬಂದ ಪ್ರಾಂಶುಪಾಲರಿಗೆ, "ಈಗ ನಿಮ್ಮ ಮೈಯಾಗೂ ಕೋಬಾಲ್ಟ್ ಸೇರ್ಯಾದರಿ, ಇನ್ನ ನಿಮ್ಮ ಮಾತಿಗೆ ತೂಕ ಬರ್ತದ" ಎಂದಿದ್ದರು. ವಾಡಿಯ ಸಿಮೆಂಟ್ ಕಾರ್ಖಾನೆಯಲ್ಲಿ ಗೂಡಿನ ಉರಿ ನೋಡಲು ಕೋಬಾಲ್ಟಿನ ನೀಲಿ ಗಾಜು ಕೊಟ್ಟರೆ, ಗಾಜನ್ನೇ ತಿರುಗಿಸಿ ನೋಡಿ, ಉರಿ ನೋಡದೆ ವಾಪಸು ಬಂದರು.

ಹೂವು ಮುಟ್ಟಿದವರನ್ನು ಕೈ ತೊಳೆಸದೆ ಬಿಡುತ್ತಿರಲಿಲ್ಲ. "ಹೊಟ್ಟಿಗೆ ಹೋದರ ವಿಷ ಅದರಿ. ಮೊದಲ ಕೈ, ಆಮ್ಯಾಗ ಚಹಾ."

ಒಂದು ಶ್ರಾವಣದಲ್ಲಿ ದಂಡೋತಿ ಸೇತುವೆಯ ಆಚೆಗಿನ ಶಾಲೆಯಲ್ಲಿ ಅವರ ಭಾಷಣವಿತ್ತು. ವಿಷಯ ಹೇಳಬೇಕಾಗಿಲ್ಲ. ಅವರ ಬ್ಯಾಟರಿ ಸ್ಕೂಟರಿನ ಹಿಂದೆ ನಾನು. ಬ್ಯಾಟರಿಯಲ್ಲೂ ಕೋಬಾಲ್ಟ್ ಇದೆಯೆಂದು ಆ ಸ್ಕೂಟರನ್ನು ಅವರು ಬಂಧುವಿನಂತೆ ಕಾಣುತ್ತಿದ್ದರು. ಸೇತುವೆಯ ಈಚೆ ಬಸ್ಸು ನಿಂತಿತ್ತು. ಮೇಲೆ ಚಿಂಚೋಳಿ ಕಡೆ ಜೋರು ಮಳೆಯಾಗಿದೆ, ಕಾಗಿಣಾ ಹೊಳೆ ಏರುತ್ತಿದೆ, ದಾಟಬೇಡಿ ಎಂದ ಡ್ರೈವರ್. ನೆತ್ತಿಯ ಮೇಲೆ ಸುಡುಬಿಸಿಲು. ಸೇತುವೆ ಒಣಗಿತ್ತು, ಒಂದು ಮೊಳ ಕೆಳಗೆ ಕೆಂಪು ನೀರು ಓಡುತ್ತಿತ್ತು. ಸರ್ ಹೂವು ತೆಗೆದು ಡ್ರೈವರನ ಮೂಗಿಗೆ ಹಿಡಿದರು.

"ನೀಲಿ ಅದ. ಕುಂದ್ರಿ" ಎಂದರು ನನಗೆ.

ಕುಳಿತೆ. ಇಲ್ಲಿಯ ಗಾಳಿ ನೋಡಿ ಹೇಳುವ ಹೂವಿಗೆ ಚಿಂಚೋಳಿಯ ಮಳೆ ಹೇಗೆ ಗೊತ್ತಾಗಬೇಕು ಎಂಬುದು ನನಗೆ ಹೊಳೆದದ್ದು ಸೇತುವೆಯ ನಡುವೆ. ಆಗಲೇ ಚಕ್ರಕ್ಕೆ ನೀರು ತಾಗಿತ್ತು. ನೋಡನೋಡುತ್ತ ಮೊಣಕಾಲಿಗೆ ಬಂತು. ಸ್ಕೂಟರ್ ತನ್ನ ಕೋಬಾಲ್ಟಿನೊಂದಿಗೆ ಹೊಳೆಯ ಜೊತೆ ಶಹಾಬಾದಿನ ದಿಕ್ಕಿಗೆ ಹೊರಟುಹೋಯಿತು. ನಾನು ಕಂಬಿ ಹಿಡಿದೆ. ಸರ್ ನನ್ನ ಮುಂಗೈ ಹಿಡಿದರು. "ಬಿಡಬ್ಯಾಡ್ರಿ" ಎಂದರು. ಅವರ ಬಾಯಿಂದ ನಾನು ಕೇಳಿದ, ಕೋಬಾಲ್ಟ್ ಇಲ್ಲದ ಒಂದೇ ಮಾತು ಅದು.

ಬಸ್ಸಿನವರು ಹಗ್ಗ ಎಸೆದು ನಮ್ಮನ್ನು ಎಳೆದುಕೊಂಡರು. ದಡದಲ್ಲಿ ಕುಳಿತು ಕೆಮ್ಮುತ್ತಲೇ ಸರ್ ಜೇಬಿಗೆ ಕೈ ಹಾಕಿದರು.

"ನೋಡ್ರಿ, ಗುಲಾಬಿ ಆಗ್ಯಾದ. ಕೋಬಾಲ್ಟ್ ಸುಳ್ಳು ಹೇಳಂಗಿಲ್ಲ."

ಡ್ರೈವರ್ ತನ್ನ ಅಂಗಿ ಹಿಂಡುತ್ತ, "ಹೌದ್ರಿ ಸರ, ಜರಾ ತಡಾ ಮಾಡಿ ಹೇಳ್ತದ ಅಷ್ಟ" ಎಂದ.

ನಲ್ಲಿ ಜೋರಾಗಿ ಬಿಟ್ಟರೆ ನನ್ನ ಕೈ ಈಗಲೂ ಕಂಬಿ ಹುಡುಕುತ್ತದೆ.

ಹೋದ ವರ್ಷ ಸರ್ ಎದೆನೋವಿನಿಂದ ತೀರಿಕೊಂಡರು. ಸಂತಾಪ ಸಭೆಯಲ್ಲಿ ಅವರ ಭಾವಚಿತ್ರದ ಮುಂದೆ ಅದೇ ಹೂವನ್ನು ಇಟ್ಟಿದ್ದರು. ತುಂಬಲಾರದ ನಷ್ಟವೆಂದು ಮಾತನಾಡಿದವರೆಲ್ಲ ಹೇಳಿದರು. ಕರವಸ್ತ್ರಗಳು ಮತ್ತೆ ಮತ್ತೆ ಕಣ್ಣಿಗೆ ಏರಿದವು. ಹೂವು ಮಾತ್ರ ಕೊನೆಯವರೆಗೂ ನೀಲಿಯಾಗಿಯೇ ಇತ್ತು.

ಎಲ್ಲರೂ ಚಹಾಕ್ಕೆ ಎದ್ದ ಮೇಲೆ ಅದನ್ನು ಕೈಗೆತ್ತಿಕೊಂಡೆ. ಸೇತುವೆಯ ಮೇಲೆ ನನ್ನ ಮುಂಗೈ ಹಿಡಿದ ಅವರ ಬೆರಳು ನೆನಪಾಗಿ ಅಂಗೈ ಬೆವರಿತು. ನೋಡಿದರೆ, ಒಂದು ಎಸಳು ಗುಲಾಬಿಗೆ ತಿರುಗಿತ್ತು.

ಹೂವನ್ನು ಅಲ್ಲಿಯೇ ಇಟ್ಟು, ಚಹಾಕ್ಕೆ ಮೊದಲು ಕೈ ತೊಳೆಯಲು ಹೋದೆ.