ಕೂ ಹಾಕಿದರೆ ಓಗೊಡಬೇಕು

ಮಗಳ ಮದುವೆಯ ದಿನ ರೇಷ್ಮೆ ಸೀರೆ ಉಟ್ಟು, ತಲೆತುಂಬ ಮಲ್ಲಿಗೆ ಮುಡಿದು, ತೀರ್ಥಹಳ್ಳಿಯಲ್ಲಿ ತುಂಗೆಯ ದಂಡೆಗೆ ಹೋಗಿ ನಾನು ಗಂಟಲು ಬಿರಿಯುವ ಹಾಗೆ ಕೂ ಹಾಕಿದೆ. ಸಾಗರದಿಂದ ಬಂದ ಬೀಗರು ಕಾಫಿ ಲೋಟ ಹಿಡಿದು ಛತ್ರದ ಕಿಟಕಿಯಲ್ಲಿ ನಿಂತು ನೋಡಿದರು. "ಹುಡುಗಿ ತಾಯಿಗೆ ಆರಾಮಿಲ್ವಾ?" ಎಂದು ಬೀಗಿತ್ತಿ ನನ್ನ ಗಂಡನನ್ನು ಕೇಳಿದರಂತೆ. "ಹಂಗೇನಿಲ್ಲ, ಅವ್ಳು ಯಾವಾಗ್ಲೂ ಹಿಂಗೇ" ಎಂದರಂತೆ ಇವರು. (ಈ ಉತ್ತರಕ್ಕೆ ಮನೆಗೆ ಬಂದ ಮೇಲೆ ಸರಿಯಾಗಿ ಮಂಗಳಾರತಿ ಆಗಿದೆ.)

ಯಾಕೆ ಕೂ ಹಾಕಿದೆ? ನನ್ನ ಅಣ್ಣ ಕಾಣೆಯಾಗಿದ್ದ.

ಅಣ್ಣನೆಂದರೆ ಹುಡುಗಿಯ ಸೋದರಮಾವ. ನಮ್ಮ ಕಡೆ ಮದುವಣಗಿತ್ತಿಯನ್ನು ಮಂಟಪಕ್ಕೆ ಕರೆತರುವುದು ಸೋದರಮಾವನೇ. ನನ್ನ ಮದುವೆಯಲ್ಲಿ ನನ್ನನ್ನು ನನ್ನ ಸೋದರಮಾವ ಎತ್ತಿಕೊಂಡೇ ಬಂದಿದ್ದರು. (ಆಗ ನಾನು ಎತ್ತಬಹುದಾದ ಗಾತ್ರದಲ್ಲಿದ್ದೆ.) ಇಲ್ಲಿ ಮುಹೂರ್ತ ಹತ್ತಿರ ಬಂತು, ಪುರೋಹಿತರು ಗಡಿಯಾರ ನೋಡತೊಡಗಿದರು, ಮಾವನ ಪತ್ತೆಯೇ ಇಲ್ಲ.

ಆಗಿದ್ದಿಷ್ಟು. ಮದುವೆಗೆ ಇವೆಂಟ್‌ನವರನ್ನು ಗೊತ್ತು ಮಾಡಿದ್ದೆವು. ಅವರ ಪ್ಲಾನಿನಲ್ಲಿ 'ಬ್ರೈಡಲ್ ಎಂಟ್ರಿ' ಎಂಬುದೊಂದಿತ್ತು. ಹೂವಿನ ಚಪ್ಪರ, ಅದರಡಿ ಮಗಳು, ಅಕ್ಕಪಕ್ಕ ಕುಣಿಯುವ ಗೆಳತಿಯರು, ಮೇಲೆ ಡ್ರೋನ್. ಅಣ್ಣ ಹೊಸನಗರದಲ್ಲಿ ಹಾರ್ಡ್‌ವೇರ್ ಅಂಗಡಿ ಇಟ್ಟುಕೊಂಡವನು. ಅಂಗಡಿ ಬಾಗಿಲು ಹಾಕಿ ಹಿಂದಿನ ದಿನವೇ ಬಂದು, ಬೆಳಿಗ್ಗೆಯಿಂದ ಹೊಸ ಪಂಚೆ, ಶಲ್ಯದಲ್ಲಿ ಮಗಳ ಕೋಣೆಯ ಬಾಗಿಲಲ್ಲೇ ಕಾಯುತ್ತಿದ್ದ. ಕಿವಿಗೆ ಹೆಡ್‌ಫೋನ್ ಸಿಕ್ಕಿಸಿಕೊಂಡ ಇವೆಂಟ್ ಹುಡುಗಿ ಬಂದು, "ಅಂಕಲ್, ಸ್ವಲ್ಪ ಫ್ರೇಮಿಂದ ಆಚೆ ನಿಲ್ತೀರಾ?" ಎಂದಳು. ಅಣ್ಣ ಆಚೆ ಹೋದ. ಫ್ರೇಮಿನಿಂದ ಆಚೆ, ಬಾಗಿಲಿನಿಂದ ಆಚೆ, ಗೇಟಿನಿಂದಲೂ ಆಚೆ.

ಆ ಹುಡುಗಿಯನ್ನು ಬೈದು ಏನು ಪ್ರಯೋಜನ? ಅವಳಿಗೇನು ಗೊತ್ತು ನಮ್ಮ ಪದ್ಧತಿ? ಪ್ಲಾನ್ ತೋರಿಸಿದಾಗ 'ಚೆನ್ನಾಗಿದೆ' ಎಂದು ತಲೆ ಆಡಿಸಿದವರು ನಾವು. ತಪ್ಪು ಅರ್ಧ ನನ್ನದು. (ಇನ್ನರ್ಧ ಇವರದು. ಇವರು ನನಗಿಂತ ಜೋರಾಗಿ ಆಡಿಸಿದ್ದರು.)

ಮಗಳು ಅಳತೊಡಗಿದಳು. "ಮಾವ ಬರ್ದೇ ನಾನು ಮಂಟಪಕ್ಕೆ ಕಾಲಿಡಲ್ಲ" ಎಂದು ಕುರ್ಚಿ ಹಿಡಿದು ಕೂತಳು. ಮನೆಮಂದಿಯೆಲ್ಲ ಫೋನ್ ಮಾಡಿದೆವು. ರಿಂಗಾಗುತ್ತಿತ್ತು, ಎತ್ತುತ್ತಿರಲಿಲ್ಲ. ಇವರು ಮೈಕಿನಲ್ಲಿ ಅಣ್ಣನ ಪೂರ್ತಿ ಹೆಸರನ್ನು ಇನಿಶಿಯಲ್ ಸಮೇತ ಕರೆದರು. ಬ್ಯಾಂಕಿನವರು ಕರೆದಂತೆ ಕರೆದರೆ ಯಾರು ಬರುತ್ತಾರೆ? ಕೊನೆಗೆ ಅಡುಗೆಯವರೊಬ್ಬರು, "ಹೊಳೆ ಕಡೆ ಹೋದಂಗಿತ್ತು ನೋಡಿ" ಎಂದರು.

ಆಗ ನನಗೆ ಅಮ್ಮ ನೆನಪಾದಳು.

ನಾವು ಹುಟ್ಟಿ ಬೆಳೆದದ್ದು ಹೊಸನಗರದ ಹತ್ತಿರದ ಒಂದು ಹಳ್ಳಿಯಲ್ಲಿ. ಹಳ್ಳಿ ಎಂದರೆ ಬೀದಿ, ಸಾಲುಮನೆ ಅಂದುಕೊಳ್ಳಬೇಡಿ. ಗುಡ್ಡದ ಈಚೆ ಒಂದು ಮನೆ, ಆಚೆ ಇನ್ನೊಂದು, ನಡುವೆ ಗದ್ದೆ, ಹಳ್ಳ. ಕರೆಯಲು ಇದ್ದದ್ದು ಕೂ ಒಂದೇ. ಒಂದೊಂದು ಮನೆಗೂ ಅದರದೇ ಕೂ. ನಮ್ಮದು ಒಂದು ಉದ್ದ, ಹಿಂದೆಯೇ ಎರಡು ಗಿಡ್ಡ. ಊಟಕ್ಕೆ, ದನ ತಪ್ಪಿಸಿಕೊಂಡರೆ, ನೆಂಟರು ಬಂದರೆ, ಎಲ್ಲಕ್ಕೂ ಅದೇ. ಕೇಳಿದವರು ತಿರುಗಿ ಕೂ ಹಾಕಬೇಕು. ಓಗೊಡದಿದ್ದರೆ ಏನೋ ಅನಾಹುತವಾಗಿದೆ ಎಂದೇ ಅರ್ಥ. ಸುತ್ತಲಿನವರೆಲ್ಲ ಕೈಲಿದ್ದ ಕೆಲಸ ಬಿಟ್ಟು ಹುಡುಕಲು ಹೊರಡುತ್ತಿದ್ದರು.

ಅಣ್ಣ ಹುಟ್ಟಾ ಮುಂಗೋಪಿ. ಒಮ್ಮೆ ದೊಡ್ಡ ಕಡುಬು ನನ್ನ ಎಲೆಗೆ ಬಿತ್ತೆಂದು ಸಿಟ್ಟು ಮಾಡಿ ಗುಡ್ಡ ಹತ್ತಿ ಕೂತ. ಅಮ್ಮ ಕೂ ಹಾಕಿ ಹಾಕಿ ಸೋತಳು. ಇವನು ಕೇಳಿಸಿಕೊಂಡೂ ಗಪ್‌ಚಿಪ್. ಗದ್ದೆಯಲ್ಲಿ ನಟ್ಟಿ ಮಾಡುತ್ತಿದ್ದವರೆಲ್ಲ ಕೆಸರುಗಾಲಲ್ಲೇ ಗುಡ್ಡ ಹತ್ತಿ ಹುಡುಕಿದರು. ಸಿಕ್ಕಾಗ ಅಮ್ಮ ಹೊಡೆಯಲಿಲ್ಲ. ಮೊದಲು ಅವನ ಕೈಕಾಲು ಮುಟ್ಟಿ ನೋಡಿದಳು. ಆಮೇಲೆ, "ಸಿಟ್ಟು ಬಂದ್ರೆ ಬರ್ಲಿ. ಊಟ ಬಿಡು, ಮಾತು ಬಿಡು. ಓಗೊಡೋದು ಮಾತ್ರ ಬಿಡ್ಬೇಡ. ಕೂಗಿದ್ರೆ ಓಗೊಡ್ದೇ ಇರೋರು ಸತ್ತೋರು" ಎಂದಳು.

ಅಮ್ಮ ಹೋಗಿ ವರ್ಷಗಳಾದವು. ಊರು ಬಿಟ್ಟ ಮೇಲೆ ನಾನು ಕೂ ಹಾಕಿದ್ದೇ ಇಲ್ಲ. ಆದರೆ ಗಂಟಲು ಮರೆತಿರಲಿಲ್ಲ. ಒಂದು ಉದ್ದ, ಎರಡು ಗಿಡ್ಡ. ಹೊಳೆಯ ಸದ್ದು ಬಿಟ್ಟರೆ ಏನೂ ಕೇಳಲಿಲ್ಲ. ನಿಜಕ್ಕೂ ಹೆದರಿಕೆಯಾಯಿತು. ಇನ್ನೊಮ್ಮೆ ಹಾಕಿದೆ.

ಕೆಳಗಡೆ ಬಂಡೆಗಳ ಹಿಂದಿನಿಂದ ಗೊಗ್ಗರು ದನಿಯೊಂದು ಎದ್ದಿತು. ಒಂದು ಉದ್ದ, ಎರಡು ಗಿಡ್ಡ.

ಅಣ್ಣ ಪಂಚೆ ಎತ್ತಿ ಕಟ್ಟಿಕೊಂಡು ಹತ್ತಿ ಬಂದ. ಮುಖ ಊದಿಸಿಕೊಂಡೇ ಇದ್ದ.

"ಎಂತ ಮಾರಾಯಾ, ಫೋನ್ ಕೇಳ್ಲಿಲ್ವಾ?" ಎಂದೆ.

"ಕೇಳ್ತು."

"ಮತ್ತೆ ಎತ್ತಕ್ಕೆ ಏನಾಗಿತ್ತು?"

"ಸಿಟ್ಟಿತ್ತು. ಈಗ್ಲೂ ಇದೆ."

"ಹಂಗಾದ್ರೆ ಕೂ ಹಾಕಿದ್ದಕ್ಕೆ ಯಾಕೆ ಓಗೊಟ್ಟೆ?"

ಅವನು ಶಲ್ಯದಲ್ಲಿ ಮುಖ ಒರೆಸಿಕೊಂಡ. "ಓಗೊಡ್ದೇ ಇರಕ್ಕೆ ನಾನೇನು ಸತ್ತಿದೀನೇನೆ?"

ನನಗೆ ಅಳು ಬಂತು. ಸೀರೆ, ಮೇಕಪ್ಪು ಯಾವುದನ್ನೂ ನೋಡದೆ ಅತ್ತುಬಿಟ್ಟೆ.

ಮಗಳು ಹೂವಿನ ಚಪ್ಪರವನ್ನು ಅಲ್ಲೇ ಬಿಟ್ಟು, ಮಾವನ ಕೈ ಹಿಡಿದು ಮಂಟಪಕ್ಕೆ ಬಂದಳು. ಇವೆಂಟ್ ಹುಡುಗಿಯೇ ಓಡಾಡಿ ಫ್ರೇಮ್ ದೊಡ್ಡದು ಮಾಡಿಸಿದಳು. ಊಟದ ಪಂಕ್ತಿಯಲ್ಲಿ ಬೀಗಿತ್ತಿ ನನ್ನ ಕಡೆ ಬಾಗಿ, ಯಾರಿಗೂ ಕೇಳದ ಹಾಗೆ, "ನಮ್ಮನೇದು ಎರಡು ಉದ್ದ ಇತ್ತು" ಎಂದರು.

ಸಿಟ್ಟು ಕೂ ಹಾಕುವ ಕಾಲದಲ್ಲೂ ಇತ್ತು, ಈಗಲೂ ಇದೆ. ಆಗ ಓಗೊಟ್ಟು, 'ಇದ್ದೇನೆ' ಎಂದು ತಿಳಿಸಿ ಸಿಟ್ಟು ಮಾಡುತ್ತಿದ್ದೆವು. ಈಗ ರಿಂಗಾಗುವುದನ್ನು ನೋಡುತ್ತಾ ಕೂರುತ್ತೇವೆ. ಆ ಕಡೆಯವರೂ ಸುಮ್ಮನೆ, ಈ ಕಡೆಯವರೂ ಸುಮ್ಮನೆ.

'ಎಷ್ಟು ಸಲ ಮಾಡಿದ್ರೂ ಫೋನ್ ಎತ್ತಲ್ಲ' ಎಂದು ಯಾರ ಮೇಲೋ ದೂರುತ್ತಿದ್ದೀರಲ್ಲ, ಒಮ್ಮೆಯಾದರೂ ಅವರ ಮನೆಯಂಗಳಕ್ಕೆ ಹೋಗಿ ಕೂಗಿದ್ದೀರಾ?