ಗುಳ್ಳೆ ಬಿಡುವ ಫಿಲ್ಟರ್

ಬ್ಯಾಡಗಿಯಲ್ಲಿ ನಮ್ಮ ನೆರೆಯವರಾಗಿದ್ದ ಮೆಣಸಿನಕಾಯಿ ವ್ಯಾಪಾರಿ ಯಾವ ವಸ್ತುವನ್ನು ಕೊಳ್ಳುವಾಗಲೂ ಮೊದಲು ಮೂಸಿ ನೋಡುತ್ತಿದ್ದರು. ಮೀನಿನ ತೊಟ್ಟಿಗೆ ಫಿಲ್ಟರ್ ಆರಿಸಲು ರಾಣೇಬೆನ್ನೂರಿಗೆ ಹೋದ ದಿನ ನಾನೂ ಜೊತೆಗಿದ್ದೆ. ಅಂಗಡಿಯವರು ಎರಡನ್ನು ತೋರಿಸಿದರು. ಒಂದು, ಮೋಟಾರಿನಿಂದ ನೀರನ್ನು ಎಳೆದು ಸೋಸಿ ಮರಳಿ ಸುರಿಯುವಂಥದು. ಇನ್ನೊಂದು, ಹೊರಗಿನ ಗಾಳಿಯನ್ನು ಸ್ಪಂಜಿನೊಳಗೆ ಊದಿ ಗುಳ್ಳೆ ಎಬ್ಬಿಸುವಂಥದು. ನಮ್ಮ ನೆರೆಯವರು ಎರಡನ್ನೂ ಮೂಸಿದರು.

"ಗುಳ್ಳಿ ಬಿಡೂದು ಕೊಡ್ರಿ. ಉಸಿರಾಡೂದು ಕಣ್ಣಿಗೆ ಕಾಣಬೇಕು."

ಅವರ ಪತ್ನಿಗೆ ಉಬ್ಬಸವಿತ್ತು. ಆಕೆ ಮಲಗಿದಲ್ಲಿಂದಲೇ ನೋಡಲೆಂದು ಆ ತೊಟ್ಟಿಯನ್ನು ತಂದಿದ್ದರು.

ಸುಗ್ಗಿ ಬಂದಾಗ ಅವರ ಪಡಸಾಲೆಯಲ್ಲಿಯೂ ಮೆಣಸಿನಕಾಯಿ ಚೀಲಗಳು ಏರಿದವು. ಫಿಲ್ಟರಿನ ಪಂಪು ಮನೆಯ ಗಾಳಿಯನ್ನು ಧೂಳಿನ ಸಮೇತ ನೀರಿಗೆ ಊದುತ್ತಿತ್ತು. ನೀರಿನ ಮೇಲೆ ಕೆಂಪು ಪದರ ಕಟ್ಟಿತು. ಮೀನುಗಳು ಮೇಲೆ ಬಂದು ಬಾಯಿ ತೆರೆಯತೊಡಗಿದವು. ನಾನು ಕೆಮ್ಮುತ್ತಲೇ ಘಾಟಿನ ವಿಷಯವನ್ನು ತಿಳಿಸಿದೆ.

ಅವರು ಗಾಳಿಯನ್ನು ಮೂಸಿದರು. "ಎಲ್ಲೈತ್ರಿ ಘಾಟು? ನನಗೇನೂ ಬಡಿಯಂಗಿಲ್ಲ."

ಆದರೂ ಮರುದಿನ ಮೀನುಗಳನ್ನು ನೀರಿನ ಚೀಲಕ್ಕೆ ತುಂಬಿಕೊಂಡು, ಹಾವೇರಿಯ ತಂಗಿಯ ಮನೆಗೆ ಹೊರಟರು. "ಸುಗ್ಗಿ ಮುಗಿಯೂತನಕ ಅಲ್ಲೇ ಇರಲಿ. ಇಲ್ಲಿದ್ರ ಸಾಯ್ತಾವ," ಎಂದರು.

ಪ್ರತಿ ಸುಗ್ಗಿಯಲ್ಲಿಯೂ ಅವರ ಪತ್ನಿ ಹೊಳೆದಂಡೆಯ ತವರಾದ ಐರಣಿಗೆ ತನ್ನನ್ನು ಕಳುಹಿಸಿರೆಂದು ಕೇಳುತ್ತಿದ್ದರು. "ಮನಿ ಯಾರು ನೋಡ್ತಾರ?" ಎಂಬುದೇ ಪ್ರತಿ ಸಲದ ಉತ್ತರವಾಗಿತ್ತು.

"ಮೀನಿಗಾದ್ರೂ ಊರು ಬಿಡಿಸಿದ್ರಿ," ಎಂದು ಆಕೆ ಹಾಸಿಗೆಯಿಂದ, ಎರಡು ಉಸಿರಿನಲ್ಲಿ ಹೇಳಿದರು.

ಅವರು ಚೀಲವನ್ನು ಎದೆಗೆ ಹಿಡಿದು ಹೊಸ್ತಿಲಲ್ಲಿಯೇ ನಿಂತರು. ಆಮೇಲೆ ಮನೆಯ ಕಡೆಗೆ ತಿರುಗಿ, ಮತ್ತೊಮ್ಮೆ ಗಾಳಿಯನ್ನು ಮೂಸಿ ನೋಡಿದರು.